ಕೋಳಿಗೊಬ್ಬರ ‘ಉಷ್ಣ’ವೇ?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ರಾಗಿ ಬೆಳೆಗಾರರನ್ನು ಕೋಳಿಗೊಬ್ಬರದ ಬಗ್ಗೆ ಕೇಳಿ ನೋಡಿ. ‘ಅದು ಬಲು ಉಷ್ಣ ಸ್ವಾಮಿ, ಪೈರನ್ನೇ ಸುಟ್ಟುಬಿಡುತ್ತೆ’ ಎಂಬ ಮಾತು ಮೊದಲು ಬರುತ್ತದೆ. ಅದರ ಬೆನ್ನಲ್ಲೇ ಇನ್ನೊಂದು: ‘ಹದವಾಗಿ ಬಿದ್ದು ಮಳೆ ಬಂದರೆ ಮಾತ್ರ ಪೈರು ಕರ್ರಗೆ ಎದ್ದು ನಿಲ್ಲುತ್ತೆ.’ ಎರಡೂ ನಿಜ. ಒಂದೇ ಗೊಬ್ಬರ ಒಂದು ಹೊಲದಲ್ಲಿ ಮೊಳಕೆಯನ್ನು ಕೊಂದು, ಪಕ್ಕದ ಹೊಲದಲ್ಲಿ ತೆನೆ ತುಂಬಿಸುವುದು ಹೇಗೆ ಸಾಧ್ಯ?

ನಮ್ಮ ಸಂವಾದ ಕಾರ್ಯಕ್ರಮಗಳಲ್ಲಿ ಮಣ್ಣಿನ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಆದರೆ ಪರದೆಯ ಮೇಲೆ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲ. ನೀವು ಜೀವಶಾಸ್ತ್ರದ ಒಂದು ಅಧ್ಯಾಯದಲ್ಲಿ, ರಸಾಯನಶಾಸ್ತ್ರದ ಇನ್ನೊಂದು ಅಧ್ಯಾಯದಲ್ಲಿ ಬೇರೆ ಬೇರೆಯಾಗಿ ಓದಿದ ಸಂಗತಿಗಳೆಲ್ಲ ಇಲ್ಲಿ ಒಂದೇ ಹೊಲದಲ್ಲಿ ಬಂದು ಸೇರುತ್ತವೆ. ಆದ್ದರಿಂದಲೇ ಈ ಪುಟಗಳಲ್ಲಿ ಸಾವಕಾಶವಾಗಿ ನೋಡೋಣ.

ಮೊದಲು, ಈ ಪ್ರಶ್ನೆಗೆ ಇಷ್ಟು ಮಹತ್ವ ಏಕೆ ಎಂಬುದು. ಹಿಂದೆ ಬಯಲುಸೀಮೆಯ ರಾಗಿ ಹೊಲಕ್ಕೆ ಗೊಬ್ಬರ ಬರುತ್ತಿದ್ದುದು ಮನೆ ಹಿಂದಿನ ತಿಪ್ಪೆಯಿಂದ. ತಿಪ್ಪೆ ತುಂಬುತ್ತಿದ್ದುದು ಎತ್ತು, ಹಸು, ಕುರಿಗಳಿಂದ. ಈಗ ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಟ್ರ್ಯಾಕ್ಟರ್ ಎತ್ತಿಗಿಂತ ಬೇಗ ಉಳುತ್ತದೆ ನಿಜ, ಆದರೆ ಸಗಣಿ ಹಾಕುವುದಿಲ್ಲ. ತಿಪ್ಪೆಗಳು ಕುಗ್ಗಿದ ಹಾಗೆಲ್ಲ ಹೊಲಕ್ಕೆ ಉಳಿದದ್ದು ಚೀಲದ ರಸಗೊಬ್ಬರ ಮಾತ್ರ. ಇದು ಸಾಲದು ಎಂಬುದಕ್ಕೆ ನಮ್ಮಲ್ಲೇ ಪುರಾವೆ ಇದೆ. ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದ ಕೆಂಪು ಮಣ್ಣಿನಲ್ಲಿ 1978ರಲ್ಲಿ ಖುಷ್ಕಿ ರಾಗಿಯ ಮೇಲೆ ದೀರ್ಘಾವಧಿಯ ಪ್ರಯೋಗವೊಂದನ್ನು ಆರಂಭಿಸಲಾಯಿತು. ವರ್ಷವರ್ಷವೂ ಬರೀ ರಸಗೊಬ್ಬರ ಪಡೆದ ತಾಕುಗಳಿಗಿಂತ, ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ ರಸಗೊಬ್ಬರ ಪಡೆದ ತಾಕುಗಳಲ್ಲಿ ಇಳುವರಿ ಹೆಚ್ಚೂ ಆಯಿತು, ಏರಿಳಿತವೂ ಕಡಿಮೆಯಾಯಿತು. ಆದರೆ ಅಷ್ಟು ಕೊಟ್ಟಿಗೆ ಗೊಬ್ಬರವನ್ನು ಇಂದು ಎಷ್ಟು ಮನೆಗಳು ಹೊಂದಿಸಬಲ್ಲವು? ಇತ್ತ ಅದೇ ಊರುಗಳ ಅಂಚಿನಲ್ಲಿ ಕೋಳಿ ಫಾರಂಗಳು ಎದ್ದಿವೆ. ಮೊಟ್ಟೆ ಕೋಳಿಯೊಂದು ದಿನಕ್ಕೆ ಸುಮಾರು 100 ಗ್ರಾಂ ಹಸಿ ಹಿಕ್ಕೆ ಹಾಕುತ್ತದೆ. ಹತ್ತು ಸಾವಿರ ಕೋಳಿಗಳ ಶೆಡ್ಡಿನಲ್ಲಿ ದಿನಕ್ಕೊಂದು ಟನ್. ಕೊಟ್ಟಿಗೆ ಬಿಟ್ಟ ಜಾಗವನ್ನು ಇದು ತುಂಬೀತೇ ಎಂಬುದೇ ಪ್ರಶ್ನೆಯ ತಿರುಳು.

ಈಗ ಹಿಕ್ಕೆಯನ್ನೇ ಗಮನಿಸಿ ನೋಡಿ. ಕಂದು ಭಾಗದ ಮೇಲೆ ಸುಣ್ಣದಂತಹ ಬಿಳಿ ಲೇಪ ಇರುತ್ತದೆ. ಅನೇಕರು ಅದನ್ನು ಸುಣ್ಣವೆಂದೇ ತಿಳಿಯುತ್ತಾರೆ. ಅದು ಕೋಳಿಯ ಮೂತ್ರ. ಹಕ್ಕಿಗಳಿಗೆ ಮಲ, ಮೂತ್ರಗಳಿಗೆ ಬೇರೆ ಬೇರೆ ದ್ವಾರಗಳಿಲ್ಲ. ಅವುಗಳ ಮೂತ್ರ ನಮ್ಮದರಂತೆ ಯೂರಿಯಾ ಕರಗಿದ ನೀರೂ ಅಲ್ಲ. ಅದು ಯೂರಿಕ್ ಆಮ್ಲದ ಹರಳುಗಳ ಗಟ್ಟಿ. ಹೀಗೇಕೆ? ಮೊಟ್ಟೆಯೊಳಗಿನ ಭ್ರೂಣವನ್ನು ನೆನೆಸಿಕೊಳ್ಳಿ. ಮುಚ್ಚಿದ ಚಿಪ್ಪಿನೊಳಗೆ ತಾನು ಹೊರಹಾಕಿದ್ದು ನೀರಿನಲ್ಲಿ ಕರಗಿದರೆ ಅದೇ ವಿಷ ಅದಕ್ಕೆ ಮರಳುತ್ತದೆ. ಯೂರಿಕ್ ಆಮ್ಲ ನೀರಿನಲ್ಲಿ ಕರಗುವುದು ಅತ್ಯಲ್ಪ, ಹರಳಾಗಿ ಒಂದು ಮೂಲೆಯಲ್ಲಿ ಕೂರುತ್ತದೆ. ಮೊಟ್ಟೆಯೊಳಗಿನ ಜೀವಕ್ಕೆ ಅನುಕೂಲವಾದ ಈ ಏರ್ಪಾಡು ರೈತನಿಗೂ ಅನುಕೂಲ. ದನದ ಗಂಜಲ ಕೊಟ್ಟಿಗೆಯ ನೆಲದಲ್ಲಿ ಹರಿದುಹೋಗುತ್ತದೆ, ಅದರೊಂದಿಗೆ ಸಾರಜನಕವೂ. ಕೋಳಿಯ ಗಂಜಲ ಹಿಕ್ಕೆಯಲ್ಲೇ ಉಳಿಯುತ್ತದೆ. ಯೂರಿಕ್ ಆಮ್ಲದ ಸೂತ್ರ C₅H₄N₄O₃ ಎಂದು ಓದಿದ್ದೀರಿ. ತೂಕ ಹಾಕಿ ನೋಡಿದರೆ ಅದರ ಮೂರನೆಯ ಒಂದು ಭಾಗ ಸಾರಜನಕ.

ಜೊತೆಗೆ ಕೋಳಿ ತಿನ್ನುವುದು ಹುಲ್ಲಲ್ಲ. ಮುಸುಕಿನ ಜೋಳ ಮತ್ತು ಸೋಯಾ ಹಿಂಡಿ. ತಿಂದ ಸಾರಜನಕದಲ್ಲಿ ಅರ್ಧಕ್ಕೂ ಹೆಚ್ಚು ಹಿಕ್ಕೆಯಲ್ಲಿ ಹೊರಬರುತ್ತದೆ. ಕಾಳುಗಳಲ್ಲಿರುವ ರಂಜಕದ ಬಹುಪಾಲು ಫೈಟೇಟ್ ಎಂಬ ರೂಪದಲ್ಲಿದ್ದು, ಕೋಳಿಯ ಕರುಳು ಅದನ್ನು ಚೆನ್ನಾಗಿ ಜೀರ್ಣಿಸಿಕೊಳ್ಳಲಾರದು; ಅದೂ ಹೊರಕ್ಕೆ. ಮೊಟ್ಟೆಯ ಚಿಪ್ಪಿಗೆಂದು ಮೇವಿನಲ್ಲಿ ಸೇರಿಸುವ ಸುಣ್ಣದ ಒಂದಂಶವೂ ಹೊರಕ್ಕೆ. ಹೀಗಾಗಿ ಕೃಷಿ ಪಠ್ಯಗಳು ಕೊಡುವ ಸರಾಸರಿಯಲ್ಲಿ ಕೋಳಿಗೊಬ್ಬರದ ಸಾರಜನಕ ಶೇ. 3ರಷ್ಟು, ರಂಜಕ ಶೇ. 2.6, ಪೊಟ್ಯಾಷ್ ಶೇ. 1.4. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ. 0.5ರ ಆಸುಪಾಸು. ಸಾರಜನಕದ ಲೆಕ್ಕದಲ್ಲಿ ಒಂದು ಟನ್ ಕೋಳಿಗೊಬ್ಬರ ಆರು ಟನ್ ಕೊಟ್ಟಿಗೆ ಗೊಬ್ಬರಕ್ಕೆ ಸಮ. ಈ ಸಂಖ್ಯೆಯನ್ನು ನೆನಪಿಡಿ, ಇದರಲ್ಲೊಂದು ಮೋಸವಿದೆ. ಮುಂದೆ ಅದಕ್ಕೆ ಬರುತ್ತೇನೆ.

ಯೂರಿಕ್ ಆಮ್ಲ ಒಣಗಿದ್ದಷ್ಟು ಕಾಲ ಸುಮ್ಮನಿರುತ್ತದೆ. ಪೆರು ದೇಶದ ಕರಾವಳಿಯಾಚೆಯ ದ್ವೀಪಗಳಲ್ಲಿ ಮಳೆ ಎಂಬುದೇ ಅಪರೂಪ. ಅಲ್ಲಿ ಕಡಲಹಕ್ಕಿಗಳ ಹಿಕ್ಕೆ ಶತಮಾನಗಳ ಕಾಲ ಗುಡ್ಡದಂತೆ ಪೇರಿಕೊಂಡಿತ್ತು. ಅದೇ ಗ್ವಾನೊ. 19ನೇ ಶತಮಾನದಲ್ಲಿ ಯೂರೋಪಿನ ಹೊಲಗಳಿಗೆ ಅದು ಹಡಗುಗಟ್ಟಲೆ ಹೋಯಿತು. ಮಳೆ ಬೀಳುವ ನಾಡಿನಲ್ಲಿ ಅಂಥ ಗುಡ್ಡ ಉಳಿಯುತ್ತಲೇ ಇರಲಿಲ್ಲ. ಏಕೆಂದರೆ ಹಿಕ್ಕೆ ಒದ್ದೆಯಾದೊಡನೆ ಸೂಕ್ಷ್ಮಜೀವಿಗಳು ಕೆಲಸಕ್ಕಿಳಿಯುತ್ತವೆ. ಯೂರಿಕ್ ಆಮ್ಲ ಒಡೆದು ಯೂರಿಯಾ ಆಗುತ್ತದೆ, ಯೂರಿಯಾ ಅಮೋನಿಯಾ ಆಗುತ್ತದೆ. ಮಣ್ಣಿನಲ್ಲಿ ಮುಂದಿನ ಸರದಿ ನೈಟ್ರೊಸೋಮೊನಾಸ್, ನೈಟ್ರೊಬ್ಯಾಕ್ಟರ್ ಮೊದಲಾದ ಬ್ಯಾಕ್ಟೀರಿಯಗಳದು. ಅವು ಅಮೋನಿಯಾವನ್ನು ನೈಟ್ರೈಟ್, ಅನಂತರ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಬೇರು ಹೀರುವುದು ಮುಖ್ಯವಾಗಿ ಈ ನೈಟ್ರೇಟನ್ನೇ.

ಈ ಪಯಣದಲ್ಲಿ ಸಾರಜನಕ ತಪ್ಪಿಸಿಕೊಳ್ಳಲು ಎರಡು ಬಾಗಿಲುಗಳಿವೆ. ಒಂದು ಮೇಲಕ್ಕೆ. ಅಮೋನಿಯಾ ಅನಿಲ; ಗೊಬ್ಬರ ನೆಲದ ಮೇಲೆಯೇ ಬಿದ್ದಿದ್ದರೆ ಗಾಳಿಗೆ ಹಾರಿಹೋಗುತ್ತದೆ. ಬಿಸಿಲಿಗೆ, ಮಳೆಗೆ ತೆರೆದಿಟ್ಟ ಕೋಳಿಗೊಬ್ಬರ ಒಂದು ತಿಂಗಳಲ್ಲಿ ತನ್ನ ಸಾರಜನಕದ ಅರ್ಧವನ್ನು ಕಳೆದುಕೊಳ್ಳಬಲ್ಲದು. ಚಿತ್ರೀಕರಣಕ್ಕೆಂದು ಒಮ್ಮೆ ಕೋಳಿ ಶೆಡ್ಡಿಗೆ ಹೋಗಿದ್ದಾಗ ನಮ್ಮ ಛಾಯಾಗ್ರಾಹಕರು ಕಣ್ಣೊರೆಸಿಕೊಳ್ಳುತ್ತಲೇ ಕೆಲಸ ಮುಗಿಸಿದರು. ಅವರ ಕಣ್ಣಿಗೆ ತಾಗಿದ್ದು ಹೊಲಕ್ಕೆ ಸೇರಬೇಕಾಗಿದ್ದ ಸಾರಜನಕವೇ. ಎರಡನೆಯ ಬಾಗಿಲು ಕೆಳಕ್ಕೆ. ನೈಟ್ರೇಟ್ ನೀರಿನಲ್ಲಿ ಸಂಪೂರ್ಣ ಕರಗುತ್ತದೆ, ನೀರು ಬಸಿದಲ್ಲೆಲ್ಲ ಅದೂ ಹೋಗುತ್ತದೆ.

ಮಣ್ಣು ಎಂಥದು ಎಂಬ ಮಾತು ಇಲ್ಲೇ ಮುಖ್ಯವಾಗುವುದು. ಜೇಡಿಯ ಕಣ 0.002 ಮಿಲಿಮೀಟರಿಗಿಂತ ಚಿಕ್ಕದು; ಮರಳಿನ ಕಣ ಅದರ ಹತ್ತಾರು ಪಟ್ಟು, ಕೆಲವೊಮ್ಮೆ ನೂರಾರು ಪಟ್ಟು ದೊಡ್ಡದು. ಜೇಡಿಕಣಗಳ ಮೈಮೇಲೆ ಋಣ ವಿದ್ಯುದಂಶ ಇರುವುದರಿಂದ ಧನ ಅಂಶದ ಅಮೋನಿಯಂ ಅಯಾನು ಅಲ್ಲಿ ಅಂಟಿ ನಿಲ್ಲುತ್ತದೆ. ಮರಳಿಗೆ ಹಾಗೆ ಹಿಡಿದಿಡುವ ಮೈಯಿಲ್ಲ. ಕೋಲಾರದ ಮರಳುಮಿಶ್ರಿತ ಕೆಂಪು ಮಣ್ಣಿನಲ್ಲಿ ಜೇಡಿಯೂ ಕಡಿಮೆ, ಇರುವ ಜೇಡಿಯೂ ಹೆಚ್ಚಾಗಿ ಕೆಯೋಲಿನೈಟ್ ಜಾತಿಯದು, ಅದರ ಹಿಡಿತ ದುರ್ಬಲ. ಸಾವಯವ ಇಂಗಾಲ ಅನೇಕ ಹೊಲಗಳಲ್ಲಿ ಶೇ. 0.5ನ್ನೂ ಮುಟ್ಟುವುದಿಲ್ಲ. ನೀವೇ ಪರೀಕ್ಷಿಸಬಹುದು. ಎರಡು ಪ್ಲಾಸ್ಟಿಕ್ ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ ತಲೆಕೆಳಗಾಗಿ ನಿಲ್ಲಿಸಿ. ಒಂದರಲ್ಲಿ ಕೆಂಪು ಮರಳು ಮಣ್ಣು, ಇನ್ನೊಂದರಲ್ಲಿ ಅಷ್ಟೇ ತೂಕದ ಕೆರೆಗೋಡು ತುಂಬಿ, ಎರಡಕ್ಕೂ ಒಂದೊಂದು ಲೋಟ ನೀರು ಸುರಿಯಿರಿ. ಯಾವುದರಿಂದ ಎಷ್ಟು ನೀರು, ಎಷ್ಟು ಹೊತ್ತಿನಲ್ಲಿ ಹೊರಬಂತು ಎಂದು ಅಳೆಯಿರಿ. ಹೆಚ್ಚು ವಿವರಣೆ ಬೇಕಾಗುವುದಿಲ್ಲ.

ಇಷ್ಟು ಗೊತ್ತಾದ ಮೇಲೆ ‘ಉಷ್ಣ’ದ ಮಾತಿಗೆ ಮರಳೋಣ. ರಾಶಿ ಹಾಕಿದ ಹಸಿ ಕೋಳಿಗೊಬ್ಬರ ಕೈಸುಡುವಷ್ಟು ಬಿಸಿಯಾಗುತ್ತದೆ, ಅದು ಸೂಕ್ಷ್ಮಜೀವಿಗಳ ಉಸಿರಾಟದ ಶಾಖ. ಆದರೆ ಹೊಲದಲ್ಲಿ ತೆಳ್ಳಗೆ ಹರಡಿದಾಗ ಆ ಶಾಖ ಉಳಿಯುವುದಿಲ್ಲ. ಅಲ್ಲಿ ಮೊಳಕೆಯನ್ನು ಸುಡುವುದು ಬೇರೆ. ಗೊಬ್ಬರದ ಪ್ರತಿ ಹೆಂಟೆಯ ಸುತ್ತ ಅಮೋನಿಯಾ ಎದ್ದು ಮಣ್ಣಿನ ರಸಸಾರ, ಅಂದರೆ ಪಿಎಚ್, ಮೇಲೇರುತ್ತದೆ. ಜೇಡಿ ಇರುವ ಮಣ್ಣು ಈ ಏರಿಕೆಯನ್ನು ತಡೆದುಕೊಳ್ಳುತ್ತದೆ, ಮರಳು ತಡೆಯದು. ಬಿಡಿ ಅಮೋನಿಯಾ ಎಳೆ ಬೇರಿಗೆ ವಿಷ. ಇದರ ಮೇಲೆ ಹಿಕ್ಕೆಯಲ್ಲಿರುವ ಲವಣಗಳು ಮಣ್ಣಿನ ಅಲ್ಪಸ್ವಲ್ಪ ತೇವದಲ್ಲಿ ಕರಗಿ ಅದನ್ನು ಉಪ್ಪುನೀರನ್ನಾಗಿಸುತ್ತವೆ. ಪರಾಸರಣದ ನಿಯಮದಂತೆ ಬೇರಿನಿಂದಲೇ ನೀರು ಹೊರಕ್ಕೆ ಎಳೆಯಲ್ಪಡುತ್ತದೆ. ರಾಗಿಯ ಸಾವಿರ ಕಾಳು ತೂಗಿದರೆ ಮೂರು ಗ್ರಾಂ ಸುಮಾರು. ಅಷ್ಟು ಸಣ್ಣ ಕಾಳಿನ ಮೊಳಕೆಗೆ ಈ ಎರಡು ಪೆಟ್ಟು ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಎಲೆಯ ತುದಿ ಒಣಗಿ ಕಂದಾಗುತ್ತದೆ, ನೋಡುವವರಿಗೆ ಬೆಂಕಿ ತಾಗಿದಂತೆಯೇ ಕಾಣುತ್ತದೆ. ಮಳೆ ಕೈಕೊಟ್ಟ ವರ್ಷ ಇದು ಇನ್ನೂ ಕಠೋರ, ಏಕೆಂದರೆ ಲವಣವನ್ನು ತೆಳುವಾಗಿಸಲು ನೀರೇ ಇರುವುದಿಲ್ಲ. ರೈತರ ‘ಉಷ್ಣ’ ಎಂಬ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಓದಿದವರನ್ನು ನಾನು ನೋಡಿದ್ದೇನೆ. ನನಗಂತೂ ಅದು ಬಹಳ ನಿಖರವಾದ ವೀಕ್ಷಣೆ ಎನಿಸುತ್ತದೆ; ಕಾರಣದ ಹೆಸರು ಮಾತ್ರ ಬೇರೆ.

ಹಾಗಾದರೆ ಬಿತ್ತನೆಗೆ ಬಹಳ ಮೊದಲೇ, ಏಪ್ರಿಲ್-ಮೇ ತಿಂಗಳಲ್ಲಿ ಹರಡಿಬಿಟ್ಟರೆ? ಸುಡುವ ಭಯವಿಲ್ಲ, ಆದರೆ ಇನ್ನೊಂದು ನಷ್ಟ. ಒಣಗಿದ ಮಣ್ಣಿಗೆ ಮೊದಲ ಮಳೆ ಬಿದ್ದೊಡನೆ ಸೂಕ್ಷ್ಮಜೀವಿಗಳು ಒಮ್ಮೆಲೇ ಎಚ್ಚೆತ್ತು ಒಂದೆರಡು ವಾರ ಭಾರಿ ಪ್ರಮಾಣದಲ್ಲಿ ಸಾರಜನಕ ಬಿಡುಗಡೆ ಮಾಡುತ್ತವೆ. ಪೂರ್ವ ಆಫ್ರಿಕದ ಮಣ್ಣುಗಳಲ್ಲಿ ಇದನ್ನು ವಿವರವಾಗಿ ಅಭ್ಯಸಿಸಿ ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ಬರೆದರು. ಇಂದಿಗೂ ಅದಕ್ಕೆ ಬರ್ಚ್ ಪರಿಣಾಮ ಎಂದೇ ಹೆಸರು. (ರಾಗಿಯ ತವರೂ ಪೂರ್ವ ಆಫ್ರಿಕವೇ ಎಂಬುದು ಇಲ್ಲಿ ನೆನಪಾಗುತ್ತದೆ.) ನಮ್ಮಲ್ಲಿ ಖುಷ್ಕಿ ರಾಗಿಯ ಬಿತ್ತನೆ ಹೆಚ್ಚಾಗಿ ಜುಲೈ, ಆಗಸ್ಟ್ ಆರಂಭದಲ್ಲಿ. ಮೇ ತಿಂಗಳ ಗುಡುಗು ಮಳೆಗೆ ಹುಟ್ಟಿದ ನೈಟ್ರೇಟನ್ನು ಹೀರಲು ಆಗ ಹೊಲದಲ್ಲಿ ಬೇರುಗಳೇ ಇರುವುದಿಲ್ಲ. ಮರಳು ಮಣ್ಣಿನಲ್ಲಿ ಮುಂದಿನ ಎರಡು ಜೋರು ಮಳೆಗೆ ಅದು ಬೇರಿನ ಆಳ ದಾಟಿ ಇಳಿದುಹೋಗುತ್ತದೆ. ತಡವಾಗಿ ಹಾಕಿದರೆ ಮೊಳಕೆ ಸುಡುತ್ತದೆ, ಬೇಗ ಹಾಕಿದರೆ ಗೊಬ್ಬರ ಬಾವಿಗೆ ಸೇರುತ್ತದೆ. ಒಣ ಸೀಮೆಯ ಮರಳು ಹೊಲದ ಕಷ್ಟ ಇದೇ.

ಇದಕ್ಕೆ ದಾರಿ ಹೊಲದಲ್ಲಿಲ್ಲ, ತಿಪ್ಪೆಯಲ್ಲಿದೆ. ಕೋಳಿ ಹಿಕ್ಕೆಯಲ್ಲಿ ಸಾರಜನಕಕ್ಕೆ ಹೋಲಿಸಿದರೆ ಇಂಗಾಲ ಬಹಳ ಕಡಿಮೆ, ಒಂದಕ್ಕೆ ಹತ್ತಕ್ಕಿಂತಲೂ ಕಡಿಮೆ. ಸೂಕ್ಷ್ಮಜೀವಿಗಳು ತಮ್ಮ ಮೈ ಕಟ್ಟಿಕೊಳ್ಳಲು ಎರಡೂ ಬೇಕು. ಇಂಗಾಲ ಸಾಲದಾದಾಗ ಮಿಕ್ಕ ಸಾರಜನಕವನ್ನು ಅಮೋನಿಯಾ ಮಾಡಿ ಬಿಟ್ಟುಬಿಡುತ್ತವೆ. ಇಂಗಾಲ ಹೆಚ್ಚಿರುವ ಒಣ ಪದಾರ್ಥ ಬೆರೆಸಿ ಅನುಪಾತವನ್ನು 25ರಿಂದ 30ಕ್ಕೆ ತಂದರೆ ಅದೇ ಸಾರಜನಕ ಜೀವಿಗಳ ದೇಹದಲ್ಲಿ ಸೆರೆಯಾಗುತ್ತದೆ. ರಾಗಿ ಹುಲ್ಲು ಬೆರೆಸಿ ಎಂದು ಹೇಳುವುದು ಸುಲಭ, ಆದರೆ ಅದು ಹಸುವಿನ ಪಾಲು. ತರಗೆಲೆ, ಕಬ್ಬಿನ ರವದಿ, ತೆಂಗಿನ ನಾರಿನ ಪುಡಿ, ಬೀಜ ಕಟ್ಟುವ ಮುನ್ನ ಕಿತ್ತ ಕಳೆ ಆಗಬಹುದು. ಮಾಂಸದ ಕೋಳಿಯ ಶೆಡ್ಡಿನ ಗೊಬ್ಬರದಲ್ಲಿ ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಆಗಲೇ ಸೇರಿರುತ್ತದೆ, ಹೊಟ್ಟು ಮಾತ್ರ ನಿಧಾನವಾಗಿ ಕರಗುತ್ತದೆ. ರಾಶಿಗೆ ನೀರು ಚಿಮುಕಿಸಿ ಒಂದು ಹಿಡಿ ತೆಗೆದು ಹಿಂಡಿದಾಗ ಒಂದೆರಡು ತೊಟ್ಟು ಮಾತ್ರ ಜಿನುಗಬೇಕು, ಹರಿದರೆ ಹೆಚ್ಚಾಯಿತು. ಒಳಗಿನ ಬಿಸಿ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ನಿಂತರೆ ನೊಣದ ಮರಿಹುಳುಗಳು, ಸಾಲ್ಮೊನೆಲ್ಲಾದಂತಹ ರೋಗಾಣುಗಳು ಸಾಯುತ್ತವೆ. ನಡುನಡುವೆ ತಿರುವಿ ಹಾಕಬೇಕು, ಮೇಲೆ ನೆರಳು ಅಥವಾ ಹೊದಿಕೆ ಇರಬೇಕು. ಸ್ವಲ್ಪ ಸೂಪರ್ ಫಾಸ್ಫೇಟ್ ಉದುರಿಸಿದರೆ ಅಮೋನಿಯಾ ಹಾರುವುದು ಇನ್ನೂ ತಗ್ಗುತ್ತದೆ. ಎರಡು ಮೂರು ತಿಂಗಳಲ್ಲಿ ಘಾಟು ಹೋಗಿ ಮಣ್ಣಿನ ವಾಸನೆ ಬಂದಿತೆಂದರೆ ಉಷ್ಣ ಇಳಿಯಿತು ಎಂದರ್ಥ. ಇಂಥ ಗೊಬ್ಬರವನ್ನು ಬಿತ್ತನೆಗೆ ಎರಡು ವಾರ ಮೊದಲು ಹರಡಿ ಅಂದೇ ಕುಂಟೆ ಹೊಡೆದು ಮಣ್ಣಿಗೆ ಬೆರೆಸಿದರೆ ಮೇಲಿನ ಬಾಗಿಲು ಮುಚ್ಚಿದಂತೆ. ಸಾರಜನಕ ನಿಧಾನವಾಗಿ ಬಿಡುಗಡೆಯಾಗುವುದರಿಂದ ಕೆಳಗಿನದೂ ಅರ್ಧ ಮುಚ್ಚಿದಂತೆ.

ಎಷ್ಟು ಹಾಕಬೇಕು? ಲೆಕ್ಕ ಮಾಡಿ. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕಿಲೋ ಸಾರಜನಕ, 40 ಕಿಲೋ ರಂಜಕ ಎಂಬುದು ಬಹುಕಾಲದಿಂದ ಇರುವ ಶಿಫಾರಸು. ಎಕರೆಗೆ 20 ಮತ್ತು 16 ಕಿಲೋ ಆಯಿತು. ಚೆನ್ನಾಗಿ ಒಣಗಿದ ಒಂದು ಟನ್ ಕೋಳಿಗೊಬ್ಬರದಲ್ಲಿ ಸಾರಜನಕ 30 ಕಿಲೋ. ಮೊದಲ ಬೆಳೆಗೆ ಅದರಲ್ಲಿ ಅರ್ಧ ಸಿಕ್ಕಿತು ಎಂದಿಟ್ಟುಕೊಂಡರೆ 15. ಅಂದರೆ ಎಕರೆಗೆ ಒಂದು ಟನ್, ಮೇಲೆ ಕೊರತೆ ತುಂಬಲು ಬಿತ್ತಿದ ನಾಲ್ಕೈದು ವಾರಕ್ಕೆ, ಮಳೆ ನೋಡಿಕೊಂಡು, ಒಂದಿಷ್ಟು ಯೂರಿಯಾ. ಎರಡು ಟನ್ ಹಾಕಿ ಯೂರಿಯಾ ಬಿಟ್ಟುಬಿಡಬಾರದೇ ಎಂದು ನೀವು ಕೇಳಬಹುದು. ಆಗ ರಂಜಕ 52 ಕಿಲೋ ಬೀಳುತ್ತದೆ, ಬೇಕಾದ್ದರ ಮೂರು ಪಟ್ಟಿಗಿಂತ ಹೆಚ್ಚು. ವರ್ಷವರ್ಷ ಹೀಗೇ ಮಾಡಿದರೆ ಅದು ಮಣ್ಣಿನಲ್ಲಿ ಕೂಡಿಕೊಂಡು, ಮಳೆನೀರಿನೊಂದಿಗೆ ಕೊಚ್ಚಿ ಕೆರೆ ಸೇರಿ ಪಾಚಿ ಬೆಳೆಸುತ್ತದೆ. ಸಾರಜನಕ ಹೆಚ್ಚಾದ ರಾಗಿಯೂ ತೆಂಡೆಯೊಡೆದು ಸೊಂಪಾಗಿ ಬೆಳೆದು, ತೆನೆ ಭಾರಕ್ಕೆ ಚಾಪೆ ಹಾಸಿದಂತೆ ಮಲಗುತ್ತದೆ. ಬೆಂಕಿ ರೋಗಕ್ಕೂ ಬೇಗ ತುತ್ತಾಗುತ್ತದೆ. ಕೊಪ್ಪಳ, ರಾಯಚೂರು ಕಡೆಯ ಕೆಂಪು ಹೊಲಗಳ ಸಜ್ಜೆಗೂ ಲೆಕ್ಕದ ಕ್ರಮ ಇದೇ, ಅಂಕಿಗಳು ಮಾತ್ರ ಬದಲು.

ಈಗ ಆ ಮೋಸದ ಮಾತು. ಒಂದು ಟನ್ ಕೋಳಿಗೊಬ್ಬರ ಆರು ಟನ್ ಕೊಟ್ಟಿಗೆ ಗೊಬ್ಬರಕ್ಕೆ ಸಮ ಎಂದೆವಲ್ಲ, ಅದು ಸಾರಜನಕದಲ್ಲಿ ಮಾತ್ರ. ಆರು ಟನ್ ಕೊಟ್ಟಿಗೆ ಗೊಬ್ಬರದೊಂದಿಗೆ ಹೊಲಕ್ಕೆ ಹೋಗುವ ನಾರು, ಹುಲ್ಲು, ಇಂಗಾಲ ಒಂದು ಟನ್ ಕೋಳಿಗೊಬ್ಬರದಲ್ಲಿ ಎಲ್ಲಿದೆ? ಹೋದದ್ದೂ ಬೇಗ ಕರಗುತ್ತದೆ. ಮರಳು ಮಣ್ಣಿಗೆ ನೀರು ಹಿಡಿದಿಡುವ ಶಕ್ತಿ ಕೊಡುವುದು ಆ ನಿಧಾನದ ಇಂಗಾಲವೇ. ಕೋಳಿಗೊಬ್ಬರವನ್ನು ನಾನು ಅರ್ಧ ರಸಗೊಬ್ಬರ, ಅರ್ಧ ತಿಪ್ಪೆಗೊಬ್ಬರ ಎಂದೇ ಕರೆಯುತ್ತೇನೆ. ಅದು ಪೈರನ್ನು ಚೆನ್ನಾಗಿ ಸಾಕುತ್ತದೆ, ಮಣ್ಣನ್ನು ಅಷ್ಟಾಗಿ ಅಲ್ಲ. ಆದ್ದರಿಂದ ಕೊಟ್ಟಿಗೆ ಗೊಬ್ಬರವನ್ನು ಪೂರ್ತಿ ಕೈಬಿಟ್ಟು ಇದನ್ನೇ ನೆಚ್ಚಿದರೆ ಕೆಲವು ವರ್ಷ ಬೆಳೆ ಕರ್ರಗಿದ್ದರೂ ಮಣ್ಣು ಬಡವಾಗಬಹುದು. ಜೊತೆಗೆ ಹೊಂಗೆ ಸೊಪ್ಪು ಹಾಕುವುದು, ಮೇ ಮಳೆಗೆ ಹುರುಳಿ ಅಥವಾ ಸೆಣಬು ಬಿತ್ತಿ ಹೂವಿನ ಹೊತ್ತಿಗೆ ಮಣ್ಣಿಗೆ ಮಗುಚುವುದು, ಬೇಸಗೆಯಲ್ಲಿ ಕೆರೆಗೋಡು ಹೊಡೆಸುವುದು, ಇವು ನಮ್ಮ ಹಿರಿಯರಿಗೆ ಗೊತ್ತಿದ್ದ ಕೆಲಸಗಳೇ. ಕೆರೆಗೋಡಿನ ಜೇಡಿ ಹೊಲದಲ್ಲಿ ಹತ್ತಾರು ವರ್ಷ ಉಳಿದು ಅಮೋನಿಯಂ ಅಯಾನುಗಳಿಗೆ ತಂಗುದಾಣವಾಗುತ್ತದೆ. ಬಾಟಲಿ ಪ್ರಯೋಗ ಮಾಡಿದವರಿಗೆ ಇದು ತಾನಾಗಿ ಹೊಳೆದಿರುತ್ತದೆ.

ಫಾರಂಗಳ ಗೊಬ್ಬರ ಈಗ ಹೆಚ್ಚಾಗಿ ಹೋಗುವುದು ದ್ರಾಕ್ಷಿ, ಟೊಮ್ಯಾಟೊ, ಶುಂಠಿಗೆ. ಲಾರಿಯ ಬಾಡಿಗೆ ತಾಳುವ ಬೆಲೆ ಆ ಬೆಳೆಗಳಿಗಿದೆ, ರಾಗಿಗೆ ಇಲ್ಲ. ಅಲ್ಲಿ ಅತಿಯಾಗಿ ಬಿದ್ದು ಸೋರಿದ ಸಾರಜನಕ ನೈಟ್ರೇಟ್ ಆಗಿ ಕೊಳವೆಬಾವಿ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ನಮ್ಮ ದೇಶದ ಮಿತಿ, ಅದು ಮೀರಿದರೆ ಹಸುಗೂಸುಗಳ ರಕ್ತದ ಆಮ್ಲಜನಕ ಒಯ್ಯುವ ಶಕ್ತಿ ಕುಂದುತ್ತದೆ. ಇಲ್ಲಿ ಬಡ ರಾಗಿ ಹೊಲ ಹಸಿದಿರುತ್ತದೆ. ಈ ಅಸಮತೋಲನ ರಸಾಯನಶಾಸ್ತ್ರದಿಂದ ಬಗೆಹರಿಯುವಂಥದಲ್ಲ. ಮೇವಿನಲ್ಲಿ ಬೆರೆಸುವ ಔಷಧಿಗಳ ಪ್ರಶ್ನೆಯೂ ಇದೆ: ಕೊಲಿಸ್ಟಿನ್ ಎಂಬ ಪ್ರತಿಜೈವಿಕವನ್ನು ಸಾಕುಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಹಸಿ ಗೊಬ್ಬರವನ್ನು ಬರಿಗೈಯಲ್ಲಿ ಮುಟ್ಟಬೇಡಿ ಎಂದು ನಾನು ಹೇಳುವುದಕ್ಕೆ ರೋಗಾಣು ಒಂದೇ ಕಾರಣವಲ್ಲ.

ನಿಮ್ಮ ಶಾಲೆಯ ಹತ್ತಿರ ಫಾರಂ ಇದ್ದರೆ ಅಧ್ಯಾಪಕರನ್ನು ಕೇಳಿ ಒಂದು ಪರೀಕ್ಷೆ ಮಾಡಿ. ಮೂರು ಕುಂಡಗಳಲ್ಲಿ ಒಂದೊಂದು ಕಿಲೋ ಮರಳುಮಿಶ್ರಿತ ಕೆಂಪು ಮಣ್ಣು ತುಂಬಿ. ಮೊದಲನೆಯದಕ್ಕೆ ಏನೂ ಬೇಡ. ಎರಡನೆಯದಕ್ಕೆ 20 ಗ್ರಾಂ ಹಸಿ ಹಿಕ್ಕೆ, ಮೂರನೆಯದಕ್ಕೆ 20 ಗ್ರಾಂ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ಇದು ಹೊಲದ ಪ್ರಮಾಣಕ್ಕಿಂತ ಬಹಳ ಹೆಚ್ಚು; ವ್ಯತ್ಯಾಸ ಕಣ್ಣಿಗೆ ಕಾಣಲೆಂದು ಹಾಗೆ. ಪ್ರತಿಯೊಂದರಲ್ಲೂ ಐವತ್ತು ರಾಗಿ ಕಾಳು ಬಿತ್ತಿ, ಅಳೆದು ಒಂದೇ ಸಮನೆ ನೀರು ಕೊಡಿ. ಕುಂಡದ ಮೇಲೆ ಗಾಜಿನ ಮುಚ್ಚಳವಿಟ್ಟು, ಅದರ ಒಳಮೈಗೆ ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದ ಅಂಟಿಸಿ. ಕಾಗದ ಯಾವ ಕುಂಡದ ಮೇಲೆ, ಎಷ್ಟು ಗಂಟೆಯಲ್ಲಿ ನೀಲಿಯಾಯಿತು ಎಂದು ಬರೆದಿಡಿ. ಬಳಿಕ ಮುಚ್ಚಳ ತೆಗೆದು ಏಳನೆಯ ದಿನ ಮೊಳಕೆಗಳನ್ನು ಎಣಿಸಿ. ಎರಡನೆಯ ಕುಂಡದಲ್ಲಿ ಬದುಕಿ ಉಳಿದ ಸಸಿಗಳಿದ್ದರೆ ಕೀಳಬೇಡಿ. ಇನ್ನು ನಾಲ್ಕು ವಾರ ನೀರು ಹಾಕಿ, ಅವುಗಳ ಎಲೆಯ ಬಣ್ಣವನ್ನು ಮೊದಲನೆಯ ಕುಂಡದೊಂದಿಗೆ ಹೋಲಿಸಿ ನೋಡಿ.